ರಾಷ್ಟ್ರಪತಿಯ ಸಹಿ

ಮೇಷ್ಟ್ರ ಕೋಟಿನ ಬಲ ಮೊಣಕೈ ಸದಾ ಬೆಳ್ಳಗಿರುತ್ತಿತ್ತು. ಬೋರ್ಡು ಒರೆಸಲು ಬಟ್ಟೆ ಹುಡುಕುವಷ್ಟು ತಾಳ್ಮೆ ಅವರಿಗಿರಲಿಲ್ಲ. ಎಪ್ಪತ್ತರ ದಶಕದ ಕೊನೆ; ಚನ್ನಗಿರಿ ಕಡೆಯ ನಮ್ಮೂರಿನ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಅವರು ಸಮಾಜ ಪಾಠವನ್ನು ಓದಿಸುತ್ತಿರಲಿಲ್ಲ, ಆಡಿಸುತ್ತಿದ್ದರು. ಸಾಲಿಗೊಬ್ಬ ಸದಸ್ಯ, ಸದಸ್ಯರೆಲ್ಲ ಹುಣಸೆಬೀಜ ಹಾಕಿ ಆರಿಸಿದವರು ರಾಷ್ಟ್ರಪತಿ. ರಾಷ್ಟ್ರಪತಿಗೆ ಮೇಷ್ಟ್ರ ಕುರ್ಚಿ, ಮೇಷ್ಟ್ರು ನೆಲಕ್ಕೆ.

ಆ ವರ್ಷ ಊರಾಚೆಯ ಕೇರಿಯ ಹುಡುಗಿ ಗೆದ್ದಳು. ಎಲ್ಲರಿಗೂ ಲೆಕ್ಕ ತೋರಿಸುತ್ತಿದ್ದಳು, ಅದಕ್ಕೇ ಓಟು ಬಿತ್ತು. ನಾನು ಉಪರಾಷ್ಟ್ರಪತಿ. ಆಕೆ ಬಾರದ ದಿನ ಕುರ್ಚಿ ನನ್ನದೆಂದು ಮೇಷ್ಟ್ರು ಹೇಳಿದ್ದೇ ತಡ, ಆಕೆಗೆ ಜ್ವರ ಬರದಿರಲಪ್ಪಾ ಎಂದು ಹನುಮಪ್ಪನಿಗೆ ಕೈಮುಗಿಯತೊಡಗಿದೆ.

ಕುರ್ಚಿಯ ಪಕ್ಕದಲ್ಲೇ ನೀರಿನ ಗಡಿಗೆ. ಅಲ್ಲಿಯವರೆಗೆ ಬೇರೆಯವರು ಮೇಲಿಂದ ಹೊಯ್ದ ನೀರನ್ನು ಬೊಗಸೆಯೊಡ್ಡಿ ಕುಡಿಯುತ್ತಿದ್ದವಳು, ಕುರ್ಚಿಯೇರಿದ ದಿನ ತಾನೇ ಲೋಟ ಅದ್ದಿದಳು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಮರುದಿನ ನಮ್ಮ ಪ್ರಧಾನಿ, ಅಂದರೆ ಪಟೇಲರ ಮಗ, ಸದಸ್ಯರಿಂದ ಪಾಸು ಮಾಡಿಸಿದ ಮಸೂದೆ ತಂದ: ರಾಷ್ಟ್ರಪತಿ ಗಡಿಗೆ ಮುಟ್ಟಬಾರದು.

“ವಾಪಸ್ ಕಳಿಸಬಹುದಲ್ಲ ಸಾರ್?” ಎಂದಳು ಆಕೆ.

“ಒಂದ್ಸಲ ಕಳಿಸ್ಬಹುದವ್ವ.”

ಕಳಿಸಿದಳು. ಸದಸ್ಯರು ಅಲ್ಲೇ ಕೈಯೆತ್ತಿ ಪಾಸು ಮಾಡಿ, ಮತ್ತೆ ತಂದಿಟ್ಟರು.

“ಎರಡನೇ ಸಲ ಬಂದ್ರೆ ಸಹಿ ಹಾಕ್ಲೇಬೇಕು ಅಂತ ನೀವೇ ಹೇಳಿದ್ರಿ ಸಾರ್,” ಎಂದ ಪ್ರಧಾನಿ. “ನಮ್ಮಪ್ಪಾರು ಹಾಕಿಸ್ಕೊಂಡೇ ಬಾ ಅಂದಾರೆ.”

ಕಾನೂನು ಎಲ್ಲರಿಗೂ ಒಂದೇ ಎಂದು ವರ್ಷವಿಡೀ ಹೇಳಿದವರು ಮೇಷ್ಟ್ರು. “ಹಾಕವ್ವ,” ಎಂದರು. “ಕಾನೂನು ಹಂಗೈತೆ.”

ಆಕೆ ದುಂಡಗೆ ಹೆಸರು ಬರೆದು ಕುರ್ಚಿಯಿಂದಿಳಿದಳು. ಮತ್ತೆ ಶಾಲೆಗೆ ಬರಲಿಲ್ಲ. ಕರೆಯಲು ಹೋದ ಮೇಷ್ಟ್ರಿಗೆ ಆಕೆಯ ಅವ್ವ, “ಸಾಕ್ರಿ ಓದಿದ್ದು. ಅದರ ಕೈಯಾಗೇ ಬರೆಸಿದ್ರಲ್ಲ,” ಎಂದಳಂತೆ. ಕುರ್ಚಿ ಹತ್ತಬೇಕಾದೀತೆಂದು ನಾನು ಎರಡು ದಿನ ಹೊಟ್ಟೆನೋವು ನಟಿಸಿದ್ದು ದಂಡವಾಯಿತು; ಮೇಷ್ಟ್ರು ಆ ಆಟವನ್ನೇ ಬಿಟ್ಟರು. ಪುಸ್ತಕ ಹಿಡಿದು ಓದಿಸತೊಡಗಿದರು. ಮುಂದೆ ಜಗಳೂರಿಗೆ ವರ್ಗವಾಗಿ ಹೋದರು.

ಎಷ್ಟೋ ವರ್ಷದ ಮೇಲೆ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಯೋಗಕ್ಷೇಮ ಕೇಳಲಿಲ್ಲ.

“ಸಹಿ ಹಾಕ್ಬೇಕು ಅಂತ ಐತೆ ಕಣಯ್ಯ. ಎಷ್ಟು ದಿನದಾಗೆ ಅಂತ ಎಲ್ಲೂ ಬರೆದಿಲ್ಲ. ಪೆನ್ನು ಹಿಡ್ಕೊಂಡು ಸುಮ್ನೆ ಕೂತಿರವ್ವ ಅಂದಿದ್ರೆ ಆಗ್ತಿತ್ತು. ನನಗೇ ಗೊತ್ತಿರ್ಲಿಲ್ಲ.”

ನ್ಯಾಮತಿ ಬಸ್ಸು ಬಂತು, ಹತ್ತಿದರು. ಆ ವರ್ಷವೇ ತೀರಿಕೊಂಡರು.

ಆ ಮಾತನ್ನು ಆಕೆಗೆ ಮುಟ್ಟಿಸುವ ಕೆಲಸ ನನ್ನ ತಲೆಗೆ ಬಂತು. ಕೇಳಿದರೆ ಆಕೆಗೆ ಸಮಾಧಾನವಾದೀತೋ, ಆರಿದ ಗಾಯ ಮತ್ತೆ ಕೆದರೀತೋ ಎಂದು ಯೋಚಿಸುತ್ತಲೇ ನನಗೆ ಐವತ್ತು ದಾಟಿದೆ.