ಧೋತರದ ಮೇಲೆ ಆರಿಸಿದ ಬೀಜ

ಇಲ್ಲಿಗೆ ಬಂದ ಮೇಲೆ ಹನ್ನೊಂದು ದಿನ ನನಗೆ ನನ್ನ ನೆರಳು ಕಾಣಲಿಲ್ಲ. ನಗಬೇಡಿ, ಎಣಿಸಿಯೇ ಹೇಳುತ್ತಿದ್ದೇನೆ. ವಿಜಯಪುರದ ಕಡೆ ಹುಟ್ಟಿ ಬೆಳೆದವರಿಗೆ ನೆರಳು ಎಂದರೆ ಕಾಲಿಗೆ ಕಟ್ಟಿದ ನಾಯಿ ಇದ್ದ ಹಾಗೆ, ಎಲ್ಲಿ ಹೋದರೂ ಜೊತೆಗೆ ಬರುತ್ತದೆ. ಜೂನ್ ತಿಂಗಳಲ್ಲಿ ವರ್ಗವಾಗಿ ಮೂಡಿಗೆರೆಯಲ್ಲಿ ಬಸ್ಸು ಬದಲಾಯಿಸಿ, ಕಳಸದ ರಸ್ತೆಯಲ್ಲಿರುವ ಈ ಸಣ್ಣ ಊರಿಗೆ ಟ್ರಂಕು ಇಳಿಸಿಕೊಂಡಾಗ ಮಧ್ಯಾಹ್ನ ಹನ್ನೆರಡು ಗಂಟೆ. ಆದರೆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹೇಳಲಾಗದಂತಹ ಮಬ್ಬು. ಭೌತಶಾಸ್ತ್ರ ಕಲಿಸುವವಳು ನಾನು, ಬೆಳಕಿನ ದಿಕ್ಕೇ ತಿಳಿಯದೆ ಬಸ್‌ಸ್ಟ್ಯಾಂಡಿನಲ್ಲಿ ಕಕ್ಕಾಬಿಕ್ಕಿಯಾಗಿ ನಿಂತಿದ್ದೆ.

ಮನೆ ಸಿಕ್ಕಿದ್ದು ಜಲಜಕ್ಕನ ಪಕ್ಕದಲ್ಲಿ. ಎರಡು ಕೋಣೆ, ಹೆಂಚಿನ ಮಾಡು, ಬಚ್ಚಲಲ್ಲಿ ಸೌದೆ ಒಲೆ. ಜಲಜಕ್ಕನಿಗೆ ಐವತ್ತು ದಾಟಿದೆ. ಲೋಕಪ್ಪಗೌಡರ ಕಾಫಿ ಗೋದಾಮಿನಲ್ಲಿ ಬೀಜ ಆರಿಸುವುದು ಅವರ ಕೆಲಸ. ಸಿಪ್ಪೆ ತೆಗೆದ ಹಸಿರು ಬೀಜವನ್ನು ಹರಡಿಕೊಂಡು ಕೂತು ಒಡಕು, ಕಪ್ಪು, ಹುಳುಕು ಎಲ್ಲವನ್ನೂ ತೆಗೆಯಬೇಕು. ಅದರಲ್ಲೂ ಕಷ್ಟದ್ದೆಂದರೆ ನಾತದ ಬೀಜ. ಬೀಜದ ಲೋಳೆ ಬಿಡಿಸಲು ಹುದುಗಿಸುವ ತೊಟ್ಟಿಯಲ್ಲಿ ಹಿಂದಿನ ದಿನದ ಬೀಜ ಎಲ್ಲೋ ಮೂಲೆಯಲ್ಲಿ ಉಳಿದು ಕೊಳೆತರೆ ಹಾಗಾಗುತ್ತದಂತೆ. ನೋಡುವುದಕ್ಕೆ ಉಳಿದ ಬೀಜಗಳಂತೆಯೇ ಇರುತ್ತದೆ, ಆದರೆ ಒಂದೇ ಒಂದು ಸೇರಿದರೂ ಆ ಲೋಟದ ಕಾಫಿ ಕೆಡುತ್ತದೆ. ಜಲಜಕ್ಕ ಅದನ್ನು ಬಣ್ಣದ ಯಾವುದೋ ಸಣ್ಣ ವ್ಯತ್ಯಾಸದಿಂದ ಹಿಡಿಯುತ್ತಿದ್ದರು, ಅನುಮಾನ ಬಂದರೆ ಹಲ್ಲಿನಲ್ಲಿ ಕಚ್ಚಿ ಮೂಸುತ್ತಿದ್ದರು. ಅವರ ಕೈ ದಾಟಿದ್ದನ್ನು ಇನ್ನೊಬ್ಬರು ನೋಡುವ ಅಗತ್ಯವಿಲ್ಲ ಎಂದು ಗೌಡರೇ ಹೇಳುತ್ತಿದ್ದರು.

ಈ ಊರಿನಲ್ಲಿ ಬದುಕುವುದನ್ನು ನನಗೆ ಕಲಿಸಿದ್ದು ಜಲಜಕ್ಕ. ಇಂಬಳ ಎಂದರೆ ಜಿಗಣೆ, ಅದು ಕಚ್ಚಿದಾಗ ಕಿತ್ತೆಳೆಯದೆ ಉಪ್ಪು ಮುಟ್ಟಿಸಬೇಕು ಎನ್ನುವುದರಿಂದ ಹಿಡಿದು, ಒಲೆಯ ಮೇಲಿನ ಹಗ್ಗದಲ್ಲಿ ಬಟ್ಟೆ ಒಣಗಿಸುವುದು, ಬೆಂಕಿಪೊಟ್ಟಣವನ್ನು ಅಕ್ಕಿ ಡಬ್ಬದೊಳಗೆ ಇಡುವುದು, ಎಲ್ಲ. ಜೋಳದ ಹಿಟ್ಟು ಇಲ್ಲಿ ಸಿಗುವುದಿಲ್ಲ. ಅವ್ವ ಕಳಿಸಿದ ಹಿಟ್ಟಿಗೆ ಹುಳು ಬಿದ್ದ ದಿನ ನಾನು ಅತ್ತಿದ್ದೆ. ಜಲಜಕ್ಕ ಬಿಸಿ ಅಕ್ಕಿರೊಟ್ಟಿ ತಂದಿಟ್ಟು, "ಎಂಥ ಮಾರಾಯ್ತಿ, ಹಿಟ್ಟಿಗೆಲ್ಲ ಅಳ್ತಾರಾ ಯಾರಾದ್ರೂ? ತಿನ್ನು ಮೊದ್ಲು," ಎಂದು ಗದರಿದ್ದರು. ಟೀಚರನ್ನು ಬಹುವಚನದಲ್ಲಿ ಮಾತಾಡಿಸಬೇಕೆಂದು ಅವರಿಗೆ ನೆನಪಾಗುತ್ತಿದ್ದುದು ಗೌಡರ ಎದುರಿಗೆ ಮಾತ್ರ.

ಒಂದು ವಿಷಯದಲ್ಲಿ ಮಾತ್ರ ನಾನು ಅವರ ಮಾತು ಕೇಳಲಿಲ್ಲ. ನಮ್ಮ ಕಡೆ ಬೋರ್‌ವೆಲ್ಲಿನ ಸವಳು ನೀರಿಗೆ ಎರಡು ಹಿಡಿ ಸೋಪಿನ ಪುಡಿ ಹಾಕಿದರೂ ನೊರೆ ಏಳುವುದಿಲ್ಲ, ಬಲ್ಲಿರಿ. ಇಲ್ಲಿಯದು ಗುಡ್ಡದಿಂದ ಇಳಿದು ಬರುವ ಮೆದು ನೀರು, ಚಿಟಿಕೆ ಪುಡಿ ಸಾಕು. ಕೈಗೆ ಮಾತ್ರ ಹಳೆಯ ಅಭ್ಯಾಸ. ಮೂರು ಸಲ ಜಾಲಾಡಿಸಿದರೂ ಬಟ್ಟೆ ಜಾರುತ್ತಲೇ ಇರುತ್ತಿತ್ತು. ನೀರು ಬೇರೆ ಕೊರೆಯುತ್ತಿತ್ತು, ಸಾಕಪ್ಪಾ ಎಂದು ಹಿಂಡಿ ಹಾಕುತ್ತಿದ್ದೆ. "ಎಷ್ಟು ಪುಡಿ ಸುರಿತೀಯ, ಬಟ್ಟೆ ಒಗಿತೀಯಾ, ಹಾಲು ಕರಿತೀಯಾ?" ಎಂದು ಜಲಜಕ್ಕ ಬೇಲಿಯ ಆಚೆಯಿಂದ ಚುಡಾಯಿಸುತ್ತಿದ್ದರು. ನಾನು ನಕ್ಕು ಮತ್ತೊಂದು ಹಿಡಿ ಹಾಕುತ್ತಿದ್ದೆ. ನಾನು ಈಗ ಬರೆಯಲಿರುವ ತಪ್ಪು ಶುರುವಾದದ್ದು ಆ ಬಕೆಟ್ಟಿನಲ್ಲಿ.

ನಾನು ಕಲಿಸುವ ಪಿಯು ಕಾಲೇಜಿನಲ್ಲಿ ಪರಮಾಣು ಪಾಠ ಬಂದಾಗ ಮತ್ತೊಂದು ಇಕ್ಕಟ್ಟಾಯಿತು. ಎಲೆಕ್ಟ್ರಾನು ತನ್ನ ಮಟ್ಟದಿಂದ ಮೇಲಿನ ಮಟ್ಟಕ್ಕೆ ಹೋಗಬೇಕಾದರೆ ಸರಿಯಾಗಿ ಅಷ್ಟೇ ಶಕ್ತಿಯ ಬೆಳಕು ಬೇಕು, ಕಡಿಮೆಯಾದರೆ ಕದಲುವುದೇ ಇಲ್ಲ, ನಡುವೆ ನಿಲ್ಲುವುದೂ ಇಲ್ಲ. ನಮ್ಮ ಕಡೆ ಇದನ್ನು ಮಾಳಿಗೆ ಮತ್ತು ನಿಚ್ಚಣಿಕೆ ಇಟ್ಟುಕೊಂಡು ಹೇಳುತ್ತಿದ್ದೆ. ಇಲ್ಲಿನ ಮಕ್ಕಳು ಮಣ್ಣಿನ ಮಾಳಿಗೆಯ ಮೇಲೆ ಮಲಗಿದವರಲ್ಲ, ಮಿಕಮಿಕ ನೋಡಿದರು. ಅಟ್ಟ ಎಂದೆ, ಅರ್ಥವಾಯಿತು. ಕೆಲವು ವಸ್ತುಗಳಲ್ಲಿ ಎಲೆಕ್ಟ್ರಾನು ಒಂದೇ ನೆಗೆತಕ್ಕೆ ಅಟ್ಟ ಹತ್ತುತ್ತದೆ, ಇಳಿಯುವಾಗ ಮೊದಲ ಮೆಟ್ಟಿಲಿನಲ್ಲಿ ಸ್ವಲ್ಪ ಶಕ್ತಿಯನ್ನು ಶಾಖವಾಗಿ ಬಿಟ್ಟು, ಉಳಿದದ್ದನ್ನು ಬೆಳಕಾಗಿ ಕೊಡುತ್ತದೆ. ಹಾಗಾಗಿ ಹೀರಿದ ಬೆಳಕಿಗಿಂತ ಮರಳಿದ ಬೆಳಕಿನ ಶಕ್ತಿ ಕಡಿಮೆ. ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿದ್ದರೆ ಕಣ್ಣಿಗೆ ಕಾಣುವ ನೀಲಿ ಹೊರಬರುವುದು ಹೀಗೆ. ಇದನ್ನು ತೋರಿಸಲೆಂದೇ ಒಂದು ನೇರಳಾತೀತ ಟಾರ್ಚು ತರಿಸಿಕೊಂಡೆ. ರಟ್ಟಿನ ಡಬ್ಬದೊಳಗೆ ರೂಪಾಯಿ ನೋಟು ಇಟ್ಟು, ಅದರೊಳಗಿನ ಭದ್ರತೆಯ ದಾರ ಬೆಳಗುವುದನ್ನು ಒಬ್ಬೊಬ್ಬರಿಗೂ ತೋರಿಸಿದೆ. ಊರಲ್ಲೆಲ್ಲ ಅದೇ ಸುದ್ದಿಯಾಯಿತು. ನನಗೂ ಸ್ವಲ್ಪ ಜಂಬ ತಲೆಗೇರಿತು, ಒಪ್ಪಿಕೊಳ್ಳುತ್ತೇನೆ.

ಫೆಬ್ರವರಿಯಲ್ಲಿ ಗೌಡರು ಹೊರದೇಶದ ಒಬ್ಬ ವ್ಯಾಪಾರಿಗೆ ತಮ್ಮ ತೋಟದ ಸ್ಯಾಂಪಲ್ ಕಳಿಸುವುದಿತ್ತು. ಅದನ್ನು ಆರಿಸುವ ಕೆಲಸ ಜಲಜಕ್ಕನದು. ಅವರು ಯಾವಾಗಲೂ ಕರಿ ಕಂಬಳಿ ಹಾಸಿಕೊಂಡು ಆರಿಸುವವರು. ನನಗದು ಸರಿಕಾಣಲಿಲ್ಲ. ನಮ್ಮ ಮನೆಯಲ್ಲಿ ಜೋಳ ಹಸನು ಮಾಡುವಾಗ ಅವ್ವ ಬಿಳಿ ಧೋತರ ಹಾಸುತ್ತಾಳೆ, ಹರಳು ಕಸ ಎಲ್ಲ ಎದ್ದು ಕಾಣಲಿ ಎಂದು. ಅವ್ವ ಕೊಟ್ಟು ಕಳಿಸಿದ್ದ ಧೋತರವನ್ನೇ ಒಗೆದು ಜಲಜಕ್ಕನಿಗೆ ಕೊಟ್ಟೆ. "ಬಿಳೀದರ ಮ್ಯಾಲೆ ಆರಸ್ರಿ ಅಕ್ಕಾ, ಕಣ್ಣಿಗೆ ತ್ರಾಸಾಗೂದಿಲ್ಲ." ಅವರಿಗೆ ಮನಸ್ಸಿರಲಿಲ್ಲ. ನನ್ನ ಮನಸ್ಸು ನೋಯಬಾರದೆಂದು ಹಾಸಿಕೊಂಡರು. ಬಟ್ಟೆ ಇನ್ನೂ ತುಸು ಹಸಿಯಾಗಿತ್ತು ಎಂದು ಈಗ ನೆನಪಾಗುತ್ತದೆ.

ಮೂರು ದಿನ ಕೂತು ಆರಿಸಿದರು. ನಾಲ್ಕನೆಯ ದಿನ ಮಧ್ಯಾಹ್ನ ನಾನು ಟಾರ್ಚು ಹಿಡಿದು ಗೋದಾಮಿಗೆ ಹೋದೆ. ನಾತದ ಬೀಜ ಈ ಬೆಳಕಿಗೆ ಬೆಳ್ಳಗೆ ಬೆಳಗುತ್ತದೆ ಎಂದು ಓದಿದ್ದೆ, ಗೌಡರಿಗೆ ಹೇಳಿಯೂ ಇದ್ದೆ. ಯಾರೂ ನನ್ನನ್ನು ಕರೆದಿರಲಿಲ್ಲ. ಬಾಗಿಲು ಹಾಕಿಸಿ, ಆರಿಸಿಟ್ಟ ಬೀಜವನ್ನು ಗೋಣಿಯ ಮೇಲೆ ಹರಡಿ ಟಾರ್ಚು ಒತ್ತಿದೆ. ಅಲ್ಲಿ, ಇಲ್ಲಿ, ಮೂಲೆಯಲ್ಲಿ, ಬೀಜದ ಮೇಲೆ ಬೀಜ ನೀಲಿ ಬಿಳುಪಾಗಿ ಬೆಳಗಿದವು.

"ಇಷ್ಟೊಂದಾ?" ಎಂದರು ಗೌಡರು.

ಜಲಜಕ್ಕ ಬಗ್ಗಿ ಬೆಳಗುತ್ತಿದ್ದ ಒಂದು ಬೀಜ ತೆಗೆದುಕೊಂಡು ಕಚ್ಚಿದರು, ಮೂಸಿದರು. ಇನ್ನೊಂದು ಕಚ್ಚಿದರು. "ನಾತ ಇಲ್ವಲ್ಲ ಗೌಡ್ರೆ," ಎಂದರು ಮೆಲ್ಲಗೆ.

ಆಗ ನಾನು ಹೇಳಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. "ಮೂಗಿಗಿಂತ ಬೆಳಕಿಗೆ ಹೆಚ್ಚು ಗೊತ್ತಾಗ್ತೈತ್ರಿ ಅಕ್ಕಾ."

ಗೌಡರು ಒರಟು ಮನುಷ್ಯರಲ್ಲ. "ವಯಸ್ಸಾಯ್ತಲ್ಲ ಜಲಜಾ, ಕಣ್ಣು ತೋರಿಸ್ಕೊ ಒಂದ್ಸಲ," ಎಂದರು ಅಷ್ಟೆ. ಸ್ಯಾಂಪಲ್ ಕಳಿಸಲಿಲ್ಲ. ಮರುದಿನದಿಂದ ಜಲಜಕ್ಕ ತಾವಾಗಿಯೇ ಗೋದಾಮು ಬಿಟ್ಟು ಕಣದಲ್ಲಿ ಮೆಣಸು ಹರಡುವ ಕೆಲಸಕ್ಕೆ ಹೋದರು. ಬಿಸಿಲಲ್ಲಿ ಬಗ್ಗಿ ಮಾಡುವ ಕೆಲಸ ಅದು, ಹರೆಯದ ಹೆಂಗಸರಿಗೇ ಸೊಂಟ ಹಿಡಿಯುತ್ತದೆ. ನಾನು ನಿಜ ಗೊತ್ತಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎರಡು ವಾರದ ನಂತರದ ತರಗತಿಯ ಹೊತ್ತಿಗೆ ಆ ರಟ್ಟಿನ ಡಬ್ಬ ಹರಿದುಹೋಗಿತ್ತು. ಕಿಟಕಿಗೆಲ್ಲ ಕಂಬಳಿ ಕಟ್ಟಿಸಿ ಕೋಣೆಯನ್ನೇ ಕತ್ತಲು ಮಾಡಿ ಟಾರ್ಚು ಒತ್ತಿದೆ. ಮಕ್ಕಳು ಹೋ ಎಂದು ಕಿರುಚಿದರು. ಸಾಲು ಸಾಲು ಬಿಳಿ ಅಂಗಿಗಳು ನೀಲಿ ಬಿಳುಪಾಗಿ ಬೆಳಗುತ್ತಿದ್ದವು. "ಮೇಡಂ, ನಿಮ್ಮ ದುಪಟ್ಟಾನೇ ಜಾಸ್ತಿ!" ಎಂದಳು ಮುಂದಿನ ಬೆಂಚಿನವಳು. ನೋಡಿಕೊಂಡೆ. ಗೋದಾಮಿನಲ್ಲಿ ಕಂಡ ಅದೇ ಬಣ್ಣ.

ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಟ್ಟೆ ಬೆಳ್ಳಗೆ ಕಾಣಲೆಂದು ಸೋಪಿನ ಪುಡಿಗೆ ಒಂದು ರಾಸಾಯನಿಕ ಸೇರಿಸಿರುತ್ತಾರೆ, ಅದರ ಎಲೆಕ್ಟ್ರಾನುಗಳು ಬಿಸಿಲಿನ ನೇರಳಾತೀತವನ್ನು ಹೀರಿ ನೀಲಿಯನ್ನು ಬಿಡುತ್ತವೆ, ಹಳದಿ ಮರೆಯಾಗುತ್ತದೆ. ಇದನ್ನು ನಾನೇ ಹತ್ತಾರು ಸಲ ಪಾಠ ಮಾಡಿದ್ದೇನೆ. ಸರಿಯಾಗಿ ಜಾಲಾಡಿಸದ ಹಸಿ ಧೋತರದ ಪುಡಿ ಮತ್ತು ನವಿರು ನೂಲು ಬೀಜಗಳಿಗೆ ಅಂಟಿದ್ದವು. ಬೆಳಗಿದ್ದು ನನ್ನ ಸೋಪು. ಪಾಠದಲ್ಲಿ ಗೊತ್ತಿದ್ದದ್ದು ಗೋದಾಮಿನಲ್ಲಿ ನೆನಪಾಗಲಿಲ್ಲ, ಯಾಕೆಂದರೆ ಅಲ್ಲಿ ನಾನು ನೋಡುವುದಕ್ಕಲ್ಲ, ತೋರಿಸುವುದಕ್ಕೆ ಹೋಗಿದ್ದೆ.

ಅವತ್ತೇ ಹೋಗಿ ಹೇಳಬೇಕಿತ್ತು. ಒಂಬತ್ತು ದಿನ ಬಾಯಿ ಬಿಡಲಿಲ್ಲ. ಇದೇ ನನಗೆ ಈಗಲೂ ಚುಚ್ಚುವುದು. ತಪ್ಪನ್ನು ಯಾರು ಬೇಕಾದರೂ ಮಾಡಬಹುದು. ಟೀಚರಿಗೆ ಎಲೆಕ್ಟ್ರಾನಿನ ಪಾಠವೇ ಬರುವುದಿಲ್ಲ ಎಂದು ಊರು ನಗುತ್ತದೆ ಎಂದು ಹೆದರಿ, ಒಬ್ಬ ಹೆಂಗಸನ್ನು ಮತ್ತೂ ಒಂಬತ್ತು ದಿನ ಬಿಸಿಲಲ್ಲಿ ಬಗ್ಗಿಸಿದೆ. ದಿನಾ ಸಂಜೆ ಅವರು ಸೊಂಟಕ್ಕೆ ಕೈ ಕೊಟ್ಟುಕೊಂಡು ಬರುವುದನ್ನು ಕಿಟಕಿಯಿಂದ ನೋಡಿ ಒಳಗೆ ಸರಿಯುತ್ತಿದ್ದೆ. ನಡುವೆ ಒಂದು ದಿನ ಗುಜ್ಜೆ ಪಲ್ಯ ತಂದುಕೊಟ್ಟರು. ಗುಜ್ಜೆ ಎಂದರೆ ಎಳೆಯ ಹಲಸಿನಕಾಯಿ. ಬಟ್ಟಲನ್ನು ಹಾಗೇ ಮುಚ್ಚಿಟ್ಟೆ.

ಹತ್ತನೆಯ ದಿನ ಅವರು ಮೂಡಿಗೆರೆಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. "ಏನಂದ್ರು ಅಕ್ಕಾ?" ಎಂದು ಕೇಳಿದೆ.

"ಕಣ್ಣು ಚಂದ ಉಂಟಂತೆ. ದೂರದ್ದು, ಹತ್ರದ್ದು ಎಲ್ಲ ಕಾಣ್ತದಂತೆ." ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದರು. "ಡಾಕ್ಟ್ರಿಗೆ ಎಂಥ ಗೊತ್ತು ಮಾರಾಯ್ತಿ. ಗೋದಾಮಲ್ಲಿ ನಿನ್ನ ಲೈಟಿಗೆ ಗೊತ್ತಾತಲ್ಲ."

ಇನ್ನು ತಡೆಯಲಾಗಲಿಲ್ಲ. ಅವರ ಕೈ ಹಿಡಿದು ಗೌಡರ ಗೋದಾಮಿಗೆ ಕರೆದುಕೊಂಡು ಹೋದೆ. ಧೋತರ, ಟಾರ್ಚು ಎರಡನ್ನೂ ತೆಗೆದುಕೊಂಡಿದ್ದೆ. ಬಾಗಿಲು ಹಾಕಿ ಮೊದಲು ಧೋತರದ ಮೇಲೆ ಬೆಳಕು ಬಿಟ್ಟೆ. ಇಡೀ ಬಟ್ಟೆ ಹುಣ್ಣಿಮೆಯಂತೆ ಬೆಳಗಿತು. ಅವತ್ತು ಬೆಳಗಿದ ಬೀಜಗಳನ್ನು ನೀರಲ್ಲಿ ಅದ್ದಿ ಕಂಬಳಿಗೆ ತಿಕ್ಕಿದೆ, ಬೆಳಕು ಹೋಯಿತು. ಕೊನೆಗೆ ಜಲಜಕ್ಕ ಆ ಮೂರು ದಿನದಲ್ಲಿ ನಾತವೆಂದು ತೆಗೆದು ಬೇರೆ ಡಬ್ಬಕ್ಕೆ ಹಾಕಿದ್ದ ಬೀಜ ತರಿಸಿದೆ. ಅವನ್ನೂ ತೊಳೆದು, ತಿಕ್ಕಿ, ಬೆಳಕು ಬಿಟ್ಟೆ. ಅಲ್ಲಿ ಮುಕ್ಕಾಲುಪಾಲು ಬೀಜಗಳು ಬೆಳಗುತ್ತಲೇ ಇದ್ದವು, ಅದು ಸೋಪಿನದಲ್ಲ, ನಾತದ್ದೇ ಬೆಳಕು.

"ಅಕ್ಕನ ಕಣ್ಣೂ ಸರಿ ಐತ್ರಿ, ಮೂಗೂ ಸರಿ ಐತ್ರಿ," ಎಂದೆ. "ತಪ್ಪಿದ್ದು ನಂದು. ಒಂಬತ್ತು ದಿನದಿಂದ ಗೊತ್ತಿತ್ತು, ಹೇಳಲಿಲ್ಲ. ತಪ್ಪಾಯ್ತ್ರಿ."

ಗೌಡರು ಡಬ್ಬದ ಮುಚ್ಚಳ ಹಾಕಿದರು. "ಸ್ಯಾಂಪಲ್ ಹೋಗೋ ಟೈಮೂ ಮುಗೀತಲ್ಲ ಟೀಚರೆ," ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಜಲಜಕ್ಕ ನನ್ನ ಕೈಯಿಂದ ಟಾರ್ಚು ತೆಗೆದುಕೊಂಡರು. ಅದನ್ನು ನನ್ನ ಮೈಮೇಲೆ ತಲೆಯಿಂದ ಕಾಲಿನವರೆಗೆ ಬಿಟ್ಟರು. ದುಪಟ್ಟಾ, ಚೂಡಿದಾರದ ಅಂಚು, ಎಲ್ಲ ಬೆಳಗಿತು. "ನೋಡಿ ಗೌಡ್ರೆ, ಮೊದ್ಲು ಆರಿಸಿ ಎಸೀಬೇಕಾಗಿದ್ದು ಇಲ್ಲುಂಟು!" ಎಂದು ಗೋದಾಮು ಹಾರಿಹೋಗುವಂತೆ ನಕ್ಕರು. ಗೌಡರೂ ನಕ್ಕರು. ನಾನು ಅಳುತ್ತ ನಕ್ಕೆ.

ಇಲ್ಲಿಗೆ ಮುಗಿಸಿದ್ದರೆ ನಿಮಗೂ ನನಗೂ ನೆಮ್ಮದಿ. ಜಲಜಕ್ಕ ಮತ್ತೆ ಗೋದಾಮಿಗೆ ಬಂದರು, ಮತ್ತೆ ಕರಿ ಕಂಬಳಿ ಹಾಸಿದರು. ಆದರೆ ಮೊದಲು ಅವರ ಕೈ ಆರಿಸುತ್ತಿರುವಾಗ ಬಾಯಿ ಊರಿನ ಕಥೆಯನ್ನೆಲ್ಲ ಹೇಳುತ್ತಿತ್ತು. ಈಗ ಮಾತಿಲ್ಲ. ಒಂದು ಬೀಜ ತೆಗೆಯುತ್ತಾರೆ, ಕಿಟಕಿಗೆ ಹಿಡಿಯುತ್ತಾರೆ, ಇಡುತ್ತಾರೆ, ಮತ್ತೆ ತೆಗೆಯುತ್ತಾರೆ. ಮೂರು ದಿನದ ಕೆಲಸಕ್ಕೆ ವಾರ ಹಿಡಿಯುತ್ತದೆ. ತಪ್ಪು ನನ್ನದೆಂದು ಅವರಿಗೆ ಗೊತ್ತು. ಕೈಗೆ ಮಾತ್ರ ಗೊತ್ತಾಗಿಲ್ಲ. ಹೀರಿದ್ದೆಲ್ಲ ಬೆಳಕಾಗಿ ಮರಳುವುದಿಲ್ಲ, ಸ್ವಲ್ಪ ಒಳಗೇ ಉಳಿಯುತ್ತದೆ ಎಂದು ಮಕ್ಕಳಿಗೆ ಹೇಳುವಾಗ ಈಗ ನನ್ನ ದನಿ ಸಣ್ಣದಾಗುತ್ತದೆ.

ವರ್ಗಾವಣೆಗೆ ಅರ್ಜಿ ಹಾಕುವ ಸಮಯ ಬಂದಿದೆ. ಊರಿನ ಹತ್ತಿರವೇ ಜಾಗ ಖಾಲಿಯಿದೆ ಎಂದು ಅವ್ವ ದಿನಾ ಫೋನು ಮಾಡುತ್ತಾಳೆ. ಅವಳು ತಟ್ಟುವ ಬಿಸಿ ರೊಟ್ಟಿ, ಅಂಗಳಕ್ಕೆ ಇಳಿದರೆ ಕಾಲ ಬುಡದಲ್ಲೇ ನನ್ನ ನೆರಳು. ಆಸೆಯಿಲ್ಲ ಎನ್ನಲಾರೆ. ಅರ್ಜಿ ತುಂಬಿ, ಹೇಳಿ ಬರೋಣವೆಂದು ನಿನ್ನೆ ಗೋದಾಮಿಗೆ ಹೋದೆ. ಜಲಜಕ್ಕ ತಲೆಯೆತ್ತಲಿಲ್ಲ.

"ಹೋಗು ಮಾರಾಯ್ತಿ. ಅಮ್ಮ ಕಾಯ್ತಿರ್ತಾರೆ," ಎಂದರು. ಕೈಯಲ್ಲಿದ್ದ ಒಂದು ಬೀಜವನ್ನು ಕಿಟಕಿಯ ಕಡೆ ಹಿಡಿದೇ ಇದ್ದರು. ಅದನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡು, "ಹೋಗುವಾಗ ಆ ಲೈಟ್ ಒಂದು ಇಲ್ಲೇ ಬಿಟ್ಟು ಹೋಗು. ನನ್ನ ಕಣ್ಣನ್ನೇ ನಂಬಿ ಕೂರೋಕೆ ಹೆದರಿಕೆ ಆಗ್ತದೆ," ಎಂದರು.

ಅರ್ಜಿ ಚೀಲದಲ್ಲೇ ಇದೆ. ಕಂಬಳಿಯ ಇನ್ನೊಂದು ತುದಿಯಲ್ಲಿ ಕೂತು, ಆರಿಸುವುದನ್ನು ನನಗೂ ಕಲಿಸಿ ಎಂದೆ. ಟಾರ್ಚು ತಂದಿರಲಿಲ್ಲ. ಕಚ್ಚಿ, ಮೂಸಿ, ತಪ್ಪು ಬೀಜವನ್ನೇ ಎತ್ತಿ ತೋರಿಸುತ್ತ ಸಂಜೆಯವರೆಗೆ ಅವರಿಂದ ಬೈಸಿಕೊಂಡೆ. ಬೈಯುವಾಗ ಮಾತ್ರ ಅವರ ಕೈ ಮೊದಲಿನ ಹಾಗೆ ಓಡುತ್ತಿತ್ತು. ಈ ವರ್ಷ ಬರುವುದಿಲ್ಲ ಎಂದು ಅವ್ವನಿಗೆ ಇನ್ನೂ ಹೇಳಿಲ್ಲ.