ಓದಿ ಹೇಳದೆ ಸಹಿ ಮಾಡದವರು

ಹಾವೇರಿ ಕೋರ್ಟಿನ ಆ ಸರ್ಕಾರಿ ವಕೀಲರ ಬಲಗೈ ಹೆಬ್ಬೆರಳಿಗೆ ಸದಾ ನೀಲಿ ಮಸಿ ಮೆತ್ತಿರುತ್ತಿತ್ತು. ಸೋರುವ ಹಳೇ ಪೆನ್ನನ್ನು ಬಿಡಲೊಲ್ಲದ ಹಟ. ಇನ್ನೊಂದು ಹಟವೂ ಇತ್ತು: ಕಾಗದ ಯಾರಿಗೆ ಸಂಬಂಧಿಸಿದ್ದೋ ಅವರನ್ನು ಎದುರಿಗೆ ಕೂರಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳದೆ ಸಹಿ ಮಾಡುತ್ತಿರಲಿಲ್ಲ. ಪೊಲೀಸರು ತಲೆ ಚಚ್ಚಿಕೊಳ್ಳುತ್ತಿದ್ದರು. ಬ್ಯಾಡಗಿಯಿಂದ ಬಸ್ಸು ಹಿಡಿದು ಹೋಗಿ ಇಡೀ ಮಧ್ಯಾಹ್ನ ಕಾಯುತ್ತಿದ್ದ ನಾನೂ ಮನಸ್ಸಿನಲ್ಲೇ ಬೈದುಕೊಂಡವನೇ.

ನಾನು ಶಾಲಾ ಮಾಸ್ತರ. ಒಂದು ಪಂಚಾಯಿತಿ ಚುನಾವಣೆಯಲ್ಲಿ, ರಾಣೆಬೆನ್ನೂರು ಕಡೆಯ ಹಳ್ಳಿಯ ಮತಗಟ್ಟೆಯಲ್ಲಿ ಡ್ಯೂಟಿಗಿದ್ದಾಗ ಕಳ್ಳ ಮತ ತಡೆದೆ. ನಾಲ್ವರು ಸೇರಿ ನನ್ನ ಕೈ ಮುರಿದರು. ಕೇಸು ಸರ್ಕಾರದ್ದು, ಸಾಕ್ಷಿ ನಾನು, ನಡೆಸುವವರು ಈ ವಕೀಲರು.

ನಾನು ಸಾಕ್ಷಿ ಹೇಳಬೇಕಿದ್ದ ವಾರವೇ ಬೆಂಗಳೂರಿನಿಂದ ಪತ್ರ ಬಂತು: ಸಾರ್ವಜನಿಕ ಹಿತದೃಷ್ಟಿಯಿಂದ ಪ್ರಕರಣವನ್ನು ಹಿಂಪಡೆಯುವುದು. ವಕೀಲರು ನನ್ನನ್ನು ಕರೆಸಿ ಅದನ್ನೂ ಓದಿ ಹೇಳಿದರು.

"ನಿಮಗೇನ ಅನಸ್ತೈತಿ, ಮಾಸ್ತರ?"

ಅಷ್ಟರಲ್ಲಾಗಲೇ ನನಗೆ ವರ್ಗಾವಣೆಯ ಬೆದರಿಕೆ ಬಂದಿತ್ತು. "ಅರ್ಜಿಗೆ ಸಹಿ ಮಾಡಿಬಿಡ್ರಿ ಸಾಹೇಬರ. ಸರಕಾರನ ಬ್ಯಾಡ ಅಂದಮ್ಯಾಲೆ ನಾವ್ಯಾರು?" ಎಂದೆ. ಹೇಳುವಾಗ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಸರಕಾರ ಹೇಳಬಹುದ್ರಿ. ಆದ್ರ ಹಿಂದಕ್ಕ ತಗೋತೀನಂತ ಕೋರ್ಟಿಗೆ ಅರ್ಜಿ ಕೊಡಾಂವ ನಾ. ಯಾಕ ಅಂತ ಜಡ್ಜ್ ಸಾಹೇಬ್ರು ಕೇಳಿದ್ರ ಕಾರಣ ಹೇಳಾಂವನೂ ನಾನ. ಈ ಪತ್ರದಾಗ ಕಾರಣ ಎಲ್ಲೈತಿ? ನಿಮ್ಮ ಅಂಜಿಕಿ ಕಾರಣ ಆಗೂದಿಲ್ಲ."

"ನಿಮ್ಮ ಹುದ್ದೆ ಹೋಗ್ತೈತ್ರಿ."

"ಹೋದ್ರ ಹೋಗಲಿ. ಗುರುವಾರ ಲಗೂ ಬರ್ರಿ. ಖರೇ ಹೇಳ್ರಿ."

ಗುರುವಾರ ಹೇಳಿದೆ. ಕಟಕಟೆಯಲ್ಲಿ ನಿಂತು ನಾಲ್ವರನ್ನೂ ಬೆರಳು ಮಾಡಿ ತೋರಿಸಿದೆ. ನಾಲ್ವರಿಗೂ ಶಿಕ್ಷೆಯಾಯಿತು. ನನ್ನ ವರ್ಗಾವಣೆ ಬರೀ ಬೆದರಿಕೆಯಾಗಿಯೇ ಉಳಿಯಿತು. ಹುದ್ದೆ ಹೋದದ್ದು ಅವರದು. ತೀರ್ಪಿನ ದಿನ ಆ ಕುರ್ಚಿಯಲ್ಲಿ ಬೇರೊಬ್ಬರಿದ್ದರು.

ಕ್ಷಮೆ ಕೇಳಲು ಮನೆಗೆ ಹೋದೆ. "ನಿಮ್ಮ ಕೆಲಸ ನೀವು ಮಾಡಿದ್ರಿ, ನಂದು ನಾ ಮಾಡ್ದೆ. ಚಾ ಆರಾಕತ್ತೈತಿ, ಕುಡೀರಿ" ಎಂದು ಮಾತು ಮುಗಿಸಿದರು.

ಅವರು ತೀರಿಕೊಂಡಾಗ ವಕೀಲರೆಲ್ಲ ಸಂತಾಪ ಸಭೆ ಸೇರಿದ್ದರು; ನಾನೂ ಹೋಗಿದ್ದೆ. ಸಂತಾಪ ಸೂಚನೆಯ ಹಾಳೆ ಕೈಯಿಂದ ಕೈಗೆ ಬರುತ್ತಿತ್ತು. ಒಬ್ಬೊಬ್ಬರೂ ಸಹಿ ಹಾಕಿ ಮುಂದೆ ದಾಟಿಸುತ್ತಿದ್ದರು. ನನ್ನ ಕೈಗೆ ಬಂದಾಗ ಎದ್ದು ಹೋಗಿ ಅವರ ಫೋಟೋದ ಎದುರಿಗೆ ಕೂತೆ. ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದೆ. ಆಮೇಲೆ ಸಹಿ ಮಾಡಿದೆ.