ಸುಫಿಯಾ ಮೇಡಂ ತೆಗೆಸುವ ಫೋಟೋ

ಮಲೇಷ್ಯಾದ ಕೌಲಾಲಂಪುರದಲ್ಲಿರುವ ಬ್ರಿಕ್‌ಫೀಲ್ಡ್ಸ್ ಬಡಾವಣೆಯ ದತ್ತಿ ಸಂಸ್ಥೆಯೊಂದರಲ್ಲಿ, ತಿಂಡಿ ಅಂಗಡಿ ತೆರೆಯುವವರಿಗೆ ಅನುದಾನ ಕೊಡಿಸುವ ಸುಫಿಯಾಳನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಭಟ್ಕಳದಲ್ಲಿ ಅವಳಿಗೆ ಪಾಠ ಹೇಳಿದ ನನಗೆ ಅವಳು ಇನ್ನೂ ಸುಫಿಯಾ. ರಬ್ಬರ್ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದೂ ಸ್ವಂತದ್ದೆಂದು ಏನೂ ಉಳಿಯದ ತಮಿಳು ಕುಟುಂಬಗಳು ಆಸ್ತಿಪಾಸ್ತಿಯಲ್ಲಿ ಉಳಿದ ಜನಾಂಗಗಳ ಸಮಕ್ಕೆ ಬರಲಿ ಎಂಬುದು ಆ ಸಂಸ್ಥೆಯ ಆಶಯ. ಅರ್ಜಿದಾರರು ಕಷ್ಟ ತೋಡಿಕೊಳ್ಳತೊಡಗಿದರೆ ಸುಫಿಯಾ, "ಅದೆಲ್ಲ ಆಮೇಲೆ ಲಾ, ಮೊದಲು ದೋಸೆ ಹಾಕಿ" ಎಂದು ಅಲ್ಲಿನವರ ಧಾಟಿಯಲ್ಲೇ ಹೇಳಿ, ದುಡ್ಡು ಕೊಟ್ಟೇ ತಿನ್ನುತ್ತಾಳೆ. ಹೀಗೆ ತಿಂದ ದೋಸೆಗಳನ್ನು ಸಾಲಾಗಿ ಹಾಸಿದರೆ ದೂರದ ಪುಚೊಂಗ್ ಪಟ್ಟಣದವರೆಗೆ ನಡೆದು ಹೋಗಬಹುದೆಂದು ಸಹೋದ್ಯೋಗಿ ವಿನಯನ ಕುಚೋದ್ಯ. ಅವಳ ಹಟ ಮಾತ್ರ ಒಂದೇ: ಚೆಕ್ಕು ಕೊಡುವ ಫೋಟೋ ಕೂಡದು. ಮೊನ್ನೆ ಪುಚೊಂಗಿನ ಸೆಲ್ವಿಯ ಇಡ್ಲಿ ಅಂಗಡಿಗೆ ನೆರವಾಗಲಿದ್ದ ದಾನಿಗಳು ಫೋಟೋ ಬೇಕೇ ಬೇಕೆಂದರು. "ಒಂದು ಕ್ಲಿಕ್ ಅಷ್ಟೇ ಅಕ್ಕ, ಇಲ್ಲಾಂದ್ರೆ ಸೆಲ್ವಿ ಗ್ರಾಂಟು ಹೋದಂಗೇ" ಎಂದ ವಿನಯ. "ತೆಗಿ, ಆದ್ರೆ ನಾನು ಹೇಳಿದ ಹಾಗೆ" ಎಂದ ಸುಫಿಯಾ ದಾನಿಗಳನ್ನು ಗಿರಾಕಿಗಳ ಸಾಲಿನಲ್ಲಿ ನಿಲ್ಲಿಸಿದಳು. ಸೆಲ್ವಿ ಗಲ್ಲಾದ ಹಿಂದಿನಿಂದ ಬಿಸಿ ಇಡ್ಲಿಯ ಪೊಟ್ಟಣ ನೀಡಿದಳು. ದಾನಿಗಳು ನಗುತ್ತ ಕೈ ಚಾಚಿದರು. ಚಿತ್ರ ಅವರಿಗೂ ಹಿಡಿಸಿತು, ಅನುದಾನವೂ ಬಂತು. ಆ ಫೋಟೋವನ್ನು ಅವಳು ನನಗೆ ತೋರಿಸಿದಾಗ ನಮ್ಮ ಶಾಲೆಯ ವರಾಂಡದಲ್ಲಿದ್ದ ಚಿತ್ರವೊಂದು ನೆನಪಾಯಿತು: ಗಣ್ಯರೊಬ್ಬರ ಮುಂದೆ ಉಚಿತ ಸಮವಸ್ತ್ರಕ್ಕೆ ಕೈ ಚಾಚಿ ನಿಂತ ಪುಟ್ಟ ಸುಫಿಯಾ. ಅದನ್ನು ಅಲ್ಲಿ ತೂಗುಹಾಕಿದಂದಿನಿಂದ ಅವಳು ಆ ವರಾಂಡ ಬಿಟ್ಟು, ಎಂಥ ಬಿಸಿಲಿನಲ್ಲೂ ಮೈದಾನ ಸುತ್ತಿಕೊಂಡೇ ತರಗತಿಗೆ ಬರುತ್ತಿದ್ದಳು.